ಮಾನ್ವಿಯ ಪಟ್ಟಿಯಲ್ಲಿಲ್ಲದ ಹೆಸರು

ಅದು ನಾನು ಕೆಲಸಕ್ಕೆ ಸೇರಿದ ಮೂರನೆಯ ವರ್ಷ. ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಡಯಾಲಿಸಿಸ್ ಕೇಂದ್ರ ನಡೆಸುತ್ತಿದ್ದ ಸಂಸ್ಥೆಯೊಂದರ ಸಾಫ್ಟ್‌ವೇರನ್ನು ರಾಯಚೂರಿನ ಕಚೇರಿಯಲ್ಲಿ ಕೂತು ನಾನೊಬ್ಬನೇ ನೋಡಿಕೊಳ್ಳುತ್ತಿದ್ದೆ. ಇಡೀ ದಿನ ಮಾತೇನಿದ್ದರೂ ಫೋನಿನಲ್ಲಿ, ಅದೂ ಏನಾದರೂ ಕೆಟ್ಟಾಗ.

ಮಾನ್ವಿಯಲ್ಲಿ ನೆಟ್‌ವರ್ಕ್ ನಿಧಾನ. ರೋಗಿಗಳ ಪಟ್ಟಿ ತೆರೆಯುವವರೆಗೆ ಅಲ್ಲಿನ ಸಿಸ್ಟರ್ ಶಾಂತಮ್ಮ ಕಾಯಬೇಕಿತ್ತು. ಡೇಟಾಬೇಸಿನ ದಾಖಲೆಗಳನ್ನು ಪ್ರೋಗ್ರಾಮಿಗೆ ತಂದುಕೊಡುವ ಸಾಧನಕ್ಕೆ ಆಬ್ಜೆಕ್ಟ್-ರಿಲೇಷನಲ್ ಮ್ಯಾಪರ್ ಎನ್ನುತ್ತಾರೆ. ಒಂದು ಕೇಂದ್ರದ ದಾಖಲೆ ಕೇಳಿದರೆ ಅದಕ್ಕೆ ಸೇರಿದ ರೋಗಿಗಳ ದಾಖಲೆಗಳನ್ನೂ ಅದು ತರಬಲ್ಲದು. ಬೆಳಿಗ್ಗೆ ಒಮ್ಮೆ ತಂದದ್ದನ್ನೇ ಮಾನ್ವಿಯ ಕಂಪ್ಯೂಟರು ದಿನವಿಡೀ ಇಟ್ಟುಕೊಳ್ಳುವಂತೆ ಮಾಡಿದೆ. ಇದೇ ಕ್ಯಾಶಿಂಗ್. ಪಟ್ಟಿ ಥಟ್ಟನೆ ತೆರೆಯತೊಡಗಿತು. ಶಾಂತಮ್ಮ ಹೊಗಳಿದರು.

ಒಂದು ದಿನ ಬೆಳಿಗ್ಗೆ ದೇವದುರ್ಗದ ಡಯಾಲಿಸಿಸ್ ಯಂತ್ರ ಕೆಟ್ಟಿತು. ಅಲ್ಲಿಗೆ ಬರುತ್ತಿದ್ದ ಜಾಲಹಳ್ಳಿಯ ಹುಲಿಗೆವ್ವನ ಹೆಸರನ್ನು ನಾನೇ ರಾಯಚೂರಿನಲ್ಲಿ ಕೂತು ಮಾನ್ವಿಯ ಪಟ್ಟಿಗೆ ವರ್ಗಾಯಿಸಿದೆ. ಆಕೆ ಒಬ್ಬಳೇ ಮಾನ್ವಿಯ ಬಸ್ಸು ಹತ್ತಿದಳು.

ಅಂದು ಮಾನ್ವಿಯಿಂದ ಫೋನ್ ಬಂದ ಕೂಡಲೇ ತಪ್ಪು ಹಿಡಿದೆ ಎಂದೇ ಎಷ್ಟೋ ವರ್ಷ ಎಲ್ಲರಿಗೂ ಹೇಳಿದೆ, ನಂಬಿಯೂ ಇದ್ದೆ. ಆಮೇಲೊಮ್ಮೆ ಕಚೇರಿಯಲ್ಲಿ ಆ ದಿನದ ಕರೆಗಳ ದಾಖಲೆ ನೋಡಿದೆ. ಹನ್ನೊಂದು ಗಂಟೆಗೆ ಒಂದು ಕರೆ, ಮಧ್ಯಾಹ್ನ ಒಂದಕ್ಕೆ ಇನ್ನೊಂದು, ಎರಡೂವರೆಗೆ ಮತ್ತೊಂದು.

"ಸರ್, ಈಕಿ ಹೆಸರು ಇಲ್ಲಿ ಇಲ್ರೀ."

"ಅದ ರೀ ಸಿಸ್ಟರ್, ನನ್ನ ಮುಂದ ಕಾಣಾಕತ್ತದ. ಕಣ್ಣು ಬಿಟ್ಟು ನೋಡ್ರಿ."

"ನಿಮ್ಮ ಕಣ್ಣು ರಾಯಚೂರಾಗ ಅದಾವ್ರೀ! ಪಟ್ಟ್ಯಾಗ ಹೆಸರಿಲ್ಲಂದ್ರ ಮಷಿನ್ ಹಚ್ಚಂಗಿಲ್ಲ ಅಂತ ನೀವೇ ಕಲಿಸೀರಿ."

ಮೂರನೆಯ ಕರೆಯಲ್ಲಿ ಶಾಂತಮ್ಮ ಜಗಳವಾಡಲಿಲ್ಲ. "ಉಸಿರು ಎಳಿಯಾಕತ್ತಾಳ್ರೀ" ಎಂದರು, ಅಷ್ಟೇ.

ಆಗ ಹೊಳೆಯಿತು. ನನ್ನ ಪರದೆ ರಾಯಚೂರಿನ ಡೇಟಾಬೇಸನ್ನು ಕೇಳುತ್ತಿತ್ತು, ಅವರದು ಬೆಳಗಿನ ಪಟ್ಟಿಯನ್ನೇ ಹಿಡಿದು ಕೂತಿತ್ತು. ಅಲ್ಲಿನ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರು ಮಾಡಿಸಿದೆ. ಹೆಸರು ಬಂತು. ನಾನು ಮಾನ್ವಿಯ ಬಸ್ಸು ಹತ್ತಿದೆ.

ತಲುಪುವಷ್ಟರಲ್ಲಿ ಯಂತ್ರ ಹಚ್ಚಿದ್ದರು. ಹುಲಿಗೆವ್ವನ ಉಸಿರು ಹದಕ್ಕೆ ಬಂದಿತ್ತು. ಮಂಚದ ಬಳಿ ಶಾಂತಮ್ಮನ ಹೊರತು ಯಾರೂ ಇರಲಿಲ್ಲ. ತಪ್ಪು ನನ್ನದೆಂದು ಹುಲಿಗೆವ್ವನಿಗೆ ಹೇಳಿದೆ.

"ಮುಂಜಾನಿಂದ ನನ್ನ ಹೆಸರು ಎಲ್ಲಿತ್ತಪಾ?"

"ರಾಯಚೂರಾಗಿತ್ತು, ಯವ್ವಾ."

"ನಾ ಇಲ್ಲೇ ಕುಂತಿದ್ದೆನಲ್ಲಪಾ."

ಹೇಳಿ ನಕ್ಕಳೆಂದು ನನ್ನ ನೆನಪು. ಇಲ್ಲ, ಗೋಡೆಯ ಕಡೆ ಮುಖ ಹೊರಳಿಸಿದಳು ಎನ್ನುತ್ತಾರೆ ಶಾಂತಮ್ಮ. ಇದಕ್ಕೆ ದಾಖಲೆಯಿಲ್ಲ. ಶಾಂತಮ್ಮ ಹೇಳಿದ್ದನ್ನೇ ಇಟ್ಟುಕೊಂಡಿದ್ದೇನೆ.

ಮರುದಿನವೇ ಕ್ಯಾಶಿಂಗ್ ತೆಗೆದೆ. ಮಾನ್ವಿಯ ಪಟ್ಟಿ ಮತ್ತೆ ನಿಧಾನವಾಯಿತು. ಈಗಲೂ ಕಚೇರಿಯಲ್ಲಿ ನಾನೊಬ್ಬನೇ. ಯಾರೇ ಫೋನ್ ಮಾಡಲಿ, ನನ್ನ ಪರದೆ ನೋಡುವ ಮೊದಲು ಕೇಳುತ್ತೇನೆ: "ನಿಮ್ಮ ಮುಂದ ಯಾರು ಕುಂತಾರ್ರೀ?"