ಏಣಿಯಕ್ಕನ ಇನ್ನೊಂದು ಕಣ್ಣು

ಬಣ್ಣ ಬಳಿಯುವವರ ಪೈಕಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವಳು ಏಣಿಯಕ್ಕ. ಗಂಡಸರು ನಡುವಿನ ಮೆಟ್ಟಿಲಲ್ಲೇ ನಿಂತು ಕೆಳಗೆ ಇಣುಕಿ ಎಂಜಲು ನುಂಗುವಾಗ, ಅವಳು ತುತ್ತತುದಿಯಲ್ಲಿ ನಿಂತು ಕೆಳಗಿನವರ ಮೇಲೆ ದರ್ಬಾರು ನಡೆಸುತ್ತಿದ್ದಳು. ಛಾವಣಿಗೂ ಗೋಡೆಗೂ ನಡುವೆ ಅವಳು ದಾರ ಪಟ್ಟಿ ಇಲ್ಲದೆ ಬ್ರಷ್ಷಿನಲ್ಲೇ ಎಳೆದ ನೇರ ಗೆರೆ ನೋಡಿದರೆ, ಬಾಯಿಬಡುಕಿ ಎಂದು ಬೈಯುವವರೂ ಬಾಯಿ ಮುಚ್ಚುತ್ತಿದ್ದರು. ಅವಳು ಎದುರಾಡದೆ ಕೇಳುತ್ತಿದ್ದದ್ದು ಮೇಸ್ತ್ರಿಯಾಗಿದ್ದ ಅಣ್ಣನ ಮಾತನ್ನು ಮಾತ್ರ. ಕಸುಬು ಕಲಿಸಿದವನು ಅವನು. ಗಂಡ ಕೈಬಿಟ್ಟು ಹೋದಾಗ ತನ್ನ ಮನೆಯ ಮಹಡಿ ಕೋಣೆ ಬಿಟ್ಟುಕೊಟ್ಟವನೂ ಅವನೇ.

ಆ ವಿಧೇಯತೆಗೆ ಅವಳು ತೆತ್ತದ್ದು ಎಡಗಣ್ಣು.

ಗೋದಾಮೊಂದಕ್ಕೆ ಸುಣ್ಣ ಹೊಡೆಯುತ್ತಿದ್ದರು. ಮೇಲೆತ್ತಿದ ಬ್ರಷ್ಷಿನಿಂದ ಗಟ್ಟಿ ಸುಣ್ಣದ ಮುದ್ದೆ ಜಾರಿ ನೇರ ಕಣ್ಣಿಗೆ ಬಿತ್ತು. ಕೆಂಡ ಇಟ್ಟ ಹಾಗಾಯಿತು. ಅವಳು ಕಿರುಚುತ್ತಾ ಇಳಿದು ನೀರಿನ ಬಕೆಟ್ಟಿನ ಕಡೆ ಓಡಿದಳು. ಅಣ್ಣ ಅಡ್ಡ ಬಂದು ಎರಡೂ ಕೈ ಹಿಡಿದುಕೊಂಡ.

"ನೀರು ಬೇಡ! ಸುಣ್ಣಕ್ಕೆ ನೀರು ಬಿದ್ರೆ ಕುದಿಯುತ್ತೆ, ಕಣ್ಣೇ ಬೆಂದುಹೋಗುತ್ತೆ!"

ಸುಣ್ಣದ ಕಲ್ಲಿಗೆ ನೀರು ಹೊಯ್ದರೆ ಕೊತಕೊತ ಕುದಿಯುವುದನ್ನು ದಿನಾ ಕಾಣುವ ಜನ. ಎಲ್ಲರೂ ಹೌದು ಹೌದೆಂದರು. ಯಾರೋ ಬಟ್ಟೆಯಲ್ಲಿ ಒರೆಸಿದರು, ಇನ್ಯಾರೋ ಎಣ್ಣೆ ಬಿಟ್ಟರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಸುಣ್ಣ ತನ್ನ ಕೆಲಸ ಮುಗಿಸಿತ್ತು. ಕಲಸಿಟ್ಟ ಸುಣ್ಣ ಅಷ್ಟರಲ್ಲಿ ಕುದಿಯುವಷ್ಟು ಕುದಿದು ತಣ್ಣಗಾಗಿರುತ್ತದೆ, ಕೂಡಲೇ ನೀರು ಸುರಿದು ಸುರಿದು ತೊಳೆದಿದ್ದರೆ ಕಣ್ಣು ಉಳಿಯಬಹುದಿತ್ತು ಎಂದು ಅವರಿಗೆ ಗೊತ್ತಾದದ್ದೇ ಅಲ್ಲಿ.

"ಯಾಕೆ ತೊಳೀಲಿಲ್ಲ?" ಎಂದು ಅಲ್ಲಿನ ಡಾಕ್ಟರು ಕೇಳಿದರು. ಅಣ್ಣನ ಮುಖ ಬಿಳಿಚಿಕೊಂಡಿತು.

"ನೀರು ಸಿಗ್ಲಿಲ್ಲ," ಎಂದಳು ಏಣಿಯಕ್ಕ.

ಆಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಸತ್ತವರೊಬ್ಬರು ದಾನ ಮಾಡಿದ ಕಣ್ಣಿನ ಪಾರದರ್ಶಕ ಪಟಲವನ್ನು ಹಾಕಿ ಹೊಲಿದದ್ದೂ ಆಯಿತು. ಕೆಲವು ತಿಂಗಳು ಬೆಳಕು ಬಂದಂತಾಗಿ, ಮತ್ತೆ ಕೆಂಪು ಪೊರೆ ಹಬ್ಬಿ ಮುಚ್ಚಿಕೊಂಡಿತು. ಒಂಟಿ ಕಣ್ಣಿಗೆ ದೂರ ಹತ್ತಿರದ ಅಂದಾಜು ಸಿಗುತ್ತಿರಲಿಲ್ಲ. ಬಣ್ಣ ಸುರಿದರೆ ಡಬ್ಬದ ಪಕ್ಕಕ್ಕೆ ಬೀಳುತ್ತಿತ್ತು. ಅಣ್ಣ ಏಣಿ ತಪ್ಪಿಸಿ, ನೆಲದಲ್ಲಿ ಕೂತು ಬಾಗಿಲಿಗೆ ಉಪ್ಪುಕಾಗದ ತಿಕ್ಕುವ ಕೆಲಸ ಕೊಟ್ಟ. ಹೆಸರು ಮಾತ್ರ ಏಣಿಯಕ್ಕ ಎಂದೇ ಉಳಿಯಿತು. ಯಾರಾದರೂ ಹಾಗೆ ಕರೆದಾಗಲೆಲ್ಲ ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

ಅವಳು ಕೈಕಟ್ಟಿ ಕೂರುವ ಜಾತಿಯಲ್ಲ. ಕೇಳಿ ವಿಚಾರಿಸಿ ಇನ್ನೊಂದು ಕಣ್ಣಾಸ್ಪತ್ರೆಗೆ ಹೋದಳು. ಅಲ್ಲಿನ ಡಾಕ್ಟರಮ್ಮ ಆತುರವಿಲ್ಲದೆ ಬಿಡಿಸಿ ಹೇಳಿದರು.

"ಕಣ್ಣಿನ ಕಪ್ಪು ಬಿಳಿ ಸೇರೋ ಅಂಚಿದೆಯಲ್ಲಮ್ಮಾ, ಅಲ್ಲಿ ಸುತ್ತಲೂ ಸ್ಟೆಮ್ ಸೆಲ್ ಇರ್ತವೆ. ಕಣ್ಣಿನ ಮೇಲ್ಪದರ ಸವೆದ ಹಾಗೆಲ್ಲ ಹೊಸದನ್ನ ಹುಟ್ಟಿಸೋದು ಅವೇ. ನಿಮ್ಮ ಎಡಗಣ್ಣಲ್ಲಿ ಅವು ಸುಟ್ಟುಹೋಗಿವೆ. ಅದಕ್ಕೇ ಪಕ್ಕದ ಪೊರೆ ಒಳಗೆ ನುಗ್ಗಿದೆ, ಹಾಕಿದ ಪಟಲಾನೂ ನಿಲ್ಲಲಿಲ್ಲ."

"ಗೋಡೇಲಿ ತೇವ ಇಟ್ಕೊಂಡು ಮೇಲೆ ಬಣ್ಣ ಬಳಿದ ಹಾಗೆ."

"ಹೆಚ್ಚುಕಮ್ಮಿ ಹಾಗೇ ಅನ್ನಿ."

"ಮತ್ತೆ ಹೊಸ ಸೆಲ್ಲು ಎಲ್ಲಿಂದ ತರ್ತೀರಿ?"

ಡಾಕ್ಟರಮ್ಮ ಅವಳ ಬಲಗಣ್ಣಿನ ಕಡೆ ಬೆರಳು ತೋರಿಸಿದರು. ಅವಳು ಅಂಗೈಯಿಂದ ಆ ಕಣ್ಣು ಮುಚ್ಚಿಕೊಂಡಳು. ಆ ಕಣ್ಣಿನ ಅಂಚಿನಿಂದ ಎಳ್ಳಿನಷ್ಟು ಚೂರು ತೆಗೆಯುತ್ತಾರಂತೆ. ಹೆರಿಗೆಯ ಮಾಸಿನಿಂದ ಸಿಗುವ ತೆಳ್ಳನೆಯ ಪೊರೆಯನ್ನು ಎಡಗಣ್ಣಿಗೆ ಹೊದಿಸಿ, ಆ ಚೂರನ್ನು ಇನ್ನೂ ಸಣ್ಣದಾಗಿ ಕತ್ತರಿಸಿ ಅದರ ಮೇಲೆ ಅಲ್ಲಲ್ಲಿ ಅಂಟಿಸುತ್ತಾರಂತೆ. ಹಿಡಿದುಕೊಂಡರೆ ಹಬ್ಬಿ ಒಂದಾಗುತ್ತವೆ. ತೆಗೆದ ಜಾಗ ಸಾಮಾನ್ಯವಾಗಿ ತಾನೇ ಮಾಯುತ್ತದೆ, ಆದರೆ ಎರಡು ಕಣ್ಣಿಗೂ ನೂರಕ್ಕೆ ನೂರು ಗ್ಯಾರಂಟಿ ಕೊಡಲಾರೆ ಎಂದರು. ಗ್ಯಾರಂಟಿ ಇಲ್ಲವೆಂದು ಬಾಯಿಬಿಟ್ಟು ಹೇಳಿದ್ದರಿಂದಲೇ ಅವಳಿಗೆ ಅವರ ಮೇಲೆ ನಂಬಿಕೆ ಹುಟ್ಟಿತು.

ಇದನ್ನು ಕೇಳಿ ಅಣ್ಣ ಹೌಹಾರಿದ. ಮರುದಿನ ಎಲ್ಲಿಂದಲೋ ಒಂದು ಪಾಂಪ್ಲೆಟ್ಟು ಹಿಡಿದು ಬಂದ. ಮಂಡಿನೋವು, ಸಕ್ಕರೆ ಕಾಯಿಲೆ, ಬೋಳುತಲೆ, ಕುರುಡು, ಎಲ್ಲಕ್ಕೂ ಒಂದೇ ಸ್ಟೆಮ್ ಸೆಲ್ ಇಂಜೆಕ್ಷನ್!

"ಇದೂ ಅದೇ ಅಲ್ವಾ? ಕೊಯ್ಯೋದಿಲ್ಲ, ಏನಿಲ್ಲ. ತೋಳಿಗೆ ಚುಚ್ಚೋದಷ್ಟೇ."

"ಅಲ್ಲಣ್ಣಾ, ಕಬ್ಬಿಣದ ಗೇಟಿಗೂ, ಮರದ ಬಾಗಿಲಿಗೂ, ಸುಣ್ಣದ ಗೋಡೆಗೂ ಒಂದೇ ಡಬ್ಬ ಸಾಕು ಅಂತ ಯಾರಾದ್ರೂ ಅಂದ್ರೆ ಏನ್ಮಾಡ್ತೀಯಾ?"

"ಅವನನ್ನ ಕೆಲಸದಿಂದ ಓಡಿಸ್ತೀನಿ."

"ಹಾಗಾದ್ರೆ ಇವರನ್ನೂ ಓಡ್ಸು. ಕಣ್ಣಿನಂಚಿನ ಸೆಲ್ಲು ಕಣ್ಣಿಗೇ ಬೇಕು. ಬೋಳುತಲೆಗೆ ಬೇಕಿದ್ರೆ ನೀನು ಚುಚ್ಚಿಸ್ಕೊ."

ಒಲೆಯ ಮುಂದಿದ್ದ ಅತ್ತಿಗೆ ಸೆರಗು ಬಾಯಿಗೊತ್ತಿ ನಕ್ಕಳು. ಅಣ್ಣನಿಗೆ ಪಿತ್ತ ನೆತ್ತಿಗೇರಿತು.

"ನಗಾಡ್ತೀರಾ? ಇರೋ ಒಂದು ಕಣ್ಣೂ ಹೋದ್ರೆ ಇವಳ ಗತಿಯೇನು? ಕೋಲು ಹಿಡ್ಕೊಂಡು ಗೋಡೆ ತಡವ್ತಾಳಾ? ನಾನು ಬದುಕಿರೋ ತನಕ ಆ ಕಣ್ಣಿಗೆ ಕತ್ತರಿ ಹಾಕೋಕೆ ಬಿಡಲ್ಲ. ಬೇಡ ಅಂದ್ರೆ ಬೇಡ!"

ಆ 'ಬೇಡ' ಅವಳಿಗೆ ತಡೆಯಲಾಗಲಿಲ್ಲ. ಇಷ್ಟು ದಿನ ಹೊಟ್ಟೆಗೆ ಹಾಕಿಕೊಂಡದ್ದೆಲ್ಲ ಒಮ್ಮೆಲೇ ನಾಲಿಗೆಗೆ ಬಂತು.

"ಅವತ್ತೂ ಹೀಗೇ ಬೇಡ ಅಂದೆ ಕಣಣ್ಣಾ. ನೀರು ಕೈಗೆಟುಕೋ ಹಾಗಿತ್ತು. ನಿನ್ನ ಮಾತು ಕೇಳಿದೆ, ಒಂದು ಕಣ್ಣು ಹೋಯ್ತು. ಇನ್ನು ಕೇಳಲ್ಲ. ನಾನು ನೆಲದ ಮೇಲೆ ಕೂತು ಬಾಗಿಲು ತಿಕ್ಕೋಕೆ ಹುಟ್ಟಿಲ್ಲ. ಈ ಕಣ್ಣು ನಂದು, ಹೋದ್ರೂ ನಂದೇ ಹೋಗ್ಲಿ."

ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಟ್ಟ. ಅಂದುಬಿಟ್ಟೆನಲ್ಲ ಎಂದು ಅವಳಿಗೂ ಅನ್ನಿಸಿತು, ಆದರೆ ಆಡಿದ್ದರಲ್ಲಿ ಒಂದಕ್ಷರವನ್ನೂ ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆಸ್ಪತ್ರೆಗೆ ಅತ್ತಿಗೆಯೊಬ್ಬಳೇ ಜೊತೆಗೆ ಬಂದಳು. ಆಪರೇಷನ್ ಮುಗಿದು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದ ಮಧ್ಯಾಹ್ನ ಏಣಿಯಕ್ಕನ ಜಂಬವೆಲ್ಲ ಇಳಿದುಹೋಯಿತು. ಮಂಚದ ಕಬ್ಬಿಣದ ಸರಳು ಹಿಡಿದುಕೊಂಡು, ಬೆಳಕು ಬಾರದಿದ್ದರೆ ಉಳಿದ ಬದುಕೆಲ್ಲ ಹೀಗೇ ಎಂದು ಯೋಚಿಸುತ್ತ ಬಿದ್ದಿದ್ದಳು. ಆಗ ಮೂಗಿಗೆ ಟರ್ಪಂಟೈನಿನ ವಾಸನೆ ಹೊಡೆಯಿತು. ಯಾರೋ ಬಂದು ಸ್ಟೂಲ್ ಎಳೆದು ಕೂತರು.

"ಕೆಲಸ ಬಿಟ್ಟು ಇಲ್ಲಿಗ್ಯಾಕೆ ಬಂದೆ?" ಎಂದಳು.

ಅಣ್ಣ ಮೂಗು ಎಳೆದುಕೊಂಡದ್ದು ಕೇಳಿಸಿತು. ಸಂಜೆಯವರೆಗೂ ಎದ್ದು ಹೋಗಲಿಲ್ಲ.

ಪಟ್ಟಿ ಬಿಚ್ಚಿದಾಗ ಬಲಗಣ್ಣು ಒಂದಿಷ್ಟು ಕೆಂಪಾಗಿತ್ತು, ಅಷ್ಟೇ. ಎದುರಿಗಿದ್ದ ಅಣ್ಣನ ಸಪ್ಪೆ ಮುಖ ಎಂದಿನಂತೆ ಕಂಡಿತು. ಎಡಗಣ್ಣು ಮಾತ್ರ ಆಟ ಆಡಿಸಿತು. ವಾರಗಟ್ಟಲೆ ಮಂಜು. ಆಮೇಲೆ ಕಿಟಕಿಯ ಆಕಾರ, ಆಮೇಲೆ ಕಿಟಕಿಯ ಸರಳು. ಚೂರುಗಳು ಹಿಡಿದುಕೊಂಡಿವೆ, ಕೆಂಪು ಪೊರೆ ಮರಳಿ ಬಂದಿಲ್ಲ ಎಂದರು ಡಾಕ್ಟರಮ್ಮ. ಮೊದಲಿನಷ್ಟು ಸ್ಪಷ್ಟ ಆಗಲಿಲ್ಲ, ಒಳಗಿನ ಕಲೆ ಉಳಿಯಿತು. ಆದರೆ ಒಂದು ದಿನ ಲೋಟಕ್ಕೆ ನೀರು ಬಗ್ಗಿಸಿದಾಗ ಒಂದು ಹನಿಯೂ ಪಕ್ಕಕ್ಕೆ ಬೀಳಲಿಲ್ಲ. ಅವಳು ಮನೆಯಲ್ಲಿದ್ದ ಲೋಟಗಳನ್ನೆಲ್ಲ ತಂದು ಸಾಲಾಗಿಟ್ಟು ತುಂಬಿಸಿದಳು. ಅತ್ತಿಗೆ ಬೈಯುತ್ತಲೇ ಕಣ್ಣೊರೆಸಿಕೊಂಡಳು.

ಡಾಕ್ಟರಮ್ಮ ಹೂಂ ಅಂದ ಮೇಲೆ, ಬೆಳಿಗ್ಗೆ ಕೆಲಸದ ಬಟ್ಟೆ ತೊಟ್ಟು, ಹೊಸ ಕನ್ನಡಕ ಏರಿಸಿಕೊಂಡು, ಯಾರನ್ನೂ ಕೇಳದೆ ಕೆಲಸದ ಜಾಗಕ್ಕೆ ಹೊರಟಳು. ಅಣ್ಣ ಏಣಿಗೆ ಅಡ್ಡ ನಿಂತರೆ ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಮಾತು ಮಸೆಯುತ್ತಲೇ ಹೋದಳು.

ಹೋಗಿ ನೋಡಿದರೆ ಸುಣ್ಣದ ಚೀಲ ಇನ್ನೂ ಬಿಚ್ಚಿರಲಿಲ್ಲ. ಗೋಡೆಯ ಪಕ್ಕ ಒಂದು ಡ್ರಮ್ಮಿನ ತುಂಬ ಶುದ್ಧ ನೀರು, ಅದರ ಮೇಲೆ ಮಗ್ಗು. ಅಣ್ಣ ಆಳುಗಳನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಗಂಟಲು ಹರಿದುಕೊಳ್ಳುತ್ತಿದ್ದ.

"ಕಣ್ಣಿಗೆ ಸುಣ್ಣ ಬಿತ್ತೋ, ಮೊದಲು ನೀರು. ಸುರೀತಾನೇ ಇರ್ಬೇಕು, ಆಮೇಲೆ ಆಸ್ಪತ್ರೆ. ಬೇಡ ಅಂದೋರ ಮಾತು ಕೇಳ್ಬೇಡಿ." ತಂಗಿ ಬಂದದ್ದು ಆಗ ಕಂಡಿತು. ಅವಳ ಮುಖ ನೋಡಲಾಗದೆ ಡ್ರಮ್ಮಿನ ಕಡೆ ತಿರುಗಿ ಹೇಳಿದ: "ನಾನೇ ಅಂದ್ರೂ ಕೇಳ್ಬೇಡಿ. ನಾನು ಒಂದ್ಸಲ ಅಂದಿದ್ದೆ."

ಮಸೆದುಕೊಂಡು ಬಂದ ಮಾತು ಯಾವುದೂ ಬೇಕಾಗಲಿಲ್ಲ. ಡಬ್ಬ ಬ್ರಷ್ಷು ತೆಗೆದುಕೊಂಡು ಏಣಿಯ ಬುಡಕ್ಕೆ ಬಂದಳು. ಅಣ್ಣ ಬಾಯಿ ತೆರೆದ.

"ಬೇಡ ಅನ್ನಬೇಡ," ಎಂದಳು.

"ಅಂದ್ನಾ?" ಎಂದು ಅವನು ಬಗ್ಗಿ ಎರಡೂ ಕೈಯಲ್ಲಿ ಏಣಿ ಹಿಡಿದುಕೊಂಡ. ಅವಳು ಹತ್ತಿದಳು.