ಗಾಳಿಯ ಮೇಲೆ ನಿಂತ ಕಾರು

ಬೆಳಿಗ್ಗೆ ಅಂಗಳ ಗುಡಿಸಲು ಇಳಿದ ಅತ್ತಿಗೆಯೇ ಅದನ್ನು ಮೊದಲು ನೋಡಿದ್ದು. “ಇಲ್ಲಿ ಬಾ ಒಮ್ಮೆ, ಕಾರಿಗೆ ಎಂತದೋ ಆಗಿದೆ” ಎಂದು ನನ್ನನ್ನು ಕರೆದರು. ಅಣ್ಣನ ಕಾರು ಹಿಂದಿನ ಎಡಬದಿಗೆ ವಾಲಿ ಕೂತಿತ್ತು. ಚಕ್ರದ ಮೇಲಿನ ತಗಡು ಟಯರಿಗೆ ತಾಗುವಷ್ಟು ಕೆಳಗೆ ಬಂದಿತ್ತು. ಪಂಕ್ಚರ್ ಇರಬೇಕೆಂದು ಟಯರನ್ನು ಒತ್ತಿ ನೋಡಿದೆ. ಅದು ಗಟ್ಟಿಯಾಗಿಯೇ ಇತ್ತು.

ಒಳಗೆ ಮಲಗಿದ್ದ ಅಣ್ಣ ಕಿಟಕಿಯಿಂದಲೇ ಕೇಳಿದ. “ಎಡವಾ, ಬಲವಾ?”

“ಎಡ. ಹಿಂದೆ.”

“ಸ್ಟಾರ್ಟ್ ಮಾಡು. ಏಳ್ತದಾ ನೋಡು.”

ಸ್ಟಾರ್ಟ್ ಮಾಡಿದೆ. ಅಡಿಯಲ್ಲಿ ಎಲ್ಲೋ ಗುಂಯ್ ಎಂದು ಒಂದು ಶಬ್ದ ಹುಟ್ಟಿತು. ಕಾರಿನ ಹಿಂಭಾಗ ಮುದುಕರು ಮೊಣಕಾಲಿಗೆ ಕೈ ಕೊಟ್ಟು ಏಳುವ ಹಾಗೆ ನಿಧಾನಕ್ಕೆ ಮೇಲೆದ್ದಿತು.

“ಎದ್ದಿತು” ಎಂದೆ.

“ಹಾಗಾದರೆ ಗಾಳಿಚೀಲ ಹೋಗಿದೆ” ಎಂದ ಅಣ್ಣ. ಅದರ ಅರ್ಥ ಎಂತದೆಂದು ನಮ್ಮಲ್ಲಿ ಅವನಿಗೊಬ್ಬನಿಗೇ ಗೊತ್ತಿತ್ತು.

ಅಣ್ಣ ಗಲ್ಫಿನಲ್ಲಿ ಡ್ರೈವರಾಗಿದ್ದವನು. ಹೋದ ಹೊಸತರಲ್ಲಿ ಸೇರಿದ ಮನೆಯಲ್ಲೇ ಕೊನೆಯವರೆಗೂ ದುಡಿದ. ಆ ಮನೆಯ ಯಜಮಾನನ ತಾಯಿಯನ್ನು ಆಸ್ಪತ್ರೆಗೆ, ಮಗಳ ಮನೆಗೆ, ಸಮುದ್ರದ ಬದಿಗೆ ಕರೆದುಕೊಂಡು ಹೋಗುವುದೇ ಅವನ ಕೆಲಸ. ಆಕೆ ಹಿಂದಿನ ಸೀಟಿನಲ್ಲಿ ಕೂತ ಸ್ವಲ್ಪ ಹೊತ್ತಿಗೆ ನಿದ್ದೆ ಹೋಗುತ್ತಿದ್ದರಂತೆ. ರಜೆಯಲ್ಲಿ ಬಂದಾಗಲೆಲ್ಲ ಅಣ್ಣ ಆ ಮನೆಯ ಕಾರಿನ ಸಂಗತಿ ಹೇಳುತ್ತಿದ್ದ. ಎಲ್ಲ ಕಾರುಗಳಲ್ಲೂ ಚಕ್ರದ ಹತ್ತಿರ ಕಬ್ಬಿಣದ ಸ್ಪ್ರಿಂಗ್ ಇರುತ್ತದೆ. ಅದರಲ್ಲಿ ಮಾತ್ರ ನಾಲ್ಕು ಚಕ್ರಗಳ ಮೇಲೂ ರಬ್ಬರಿನ ಚೀಲ, ಚೀಲದೊಳಗೆ ಗಾಳಿ, ಗಾಳಿ ತುಂಬಲಿಕ್ಕೆ ಒಂದು ಕಂಪ್ರೆಸರ್. “ರಸ್ತೆ ಇರುವುದೇ ಗೊತ್ತಾಗುವುದಿಲ್ಲ ಮಾರಾಯ್ತಿ” ಎನ್ನುತ್ತಿದ್ದ.

ಊರಿಗೆ ಬಂದು ನೆಲೆಯಾದ ಮೇಲೆ ಮಂಗಳೂರಿನಿಂದ ಅಂಥದ್ದೇ ಒಂದು ದೊಡ್ಡ ಕಾರು ತಂದ. ತುಂಬ ಹಳತು. ಹೊಸದಾಗಿದ್ದಾಗ ನಾವು ಕಣ್ಣೆತ್ತಿ ನೋಡುವಂಥದ್ದಲ್ಲ. ಹಳತಾದ ಮೇಲೆ ಯಾರಿಗೂ ಬೇಡವಾಗಿ, ಒಂದು ಸಣ್ಣ ಕಾರಿನ ಬೆಲೆಗೆ ಸಿಕ್ಕಿತು. “ಆನೆ ತಂದದ್ದೇನೋ ಆಯ್ತು, ಸಾಕುವುದು ಹೇಗೆ?” ಎಂದು ಅತ್ತಿಗೆ ಕೇಳಿದ್ದರು. ಅಣ್ಣ ನಕ್ಕು, ಅವರನ್ನು ಹಿಂದೆ ಕೂರಿಸಿ ಕುಂಬಳೆ ಪೇಟೆಗೆ ಒಂದು ಸುತ್ತು ಹೊಡೆಸಿಕೊಂಡು ಬಂದ.

ನಾನು ಮದುವೆಯಾದವಳಲ್ಲ. ಕಾಸರಗೋಡಿನ ವಿದ್ಯಾನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಕುಂಬಳೆಯ ಹತ್ತಿರ ಅಣ್ಣ ಕಟ್ಟಿಸಿದ ಮನೆಯಲ್ಲೇ ನಾನೂ ಇರುವುದು. ಅವರಿಗೆ ಮಕ್ಕಳಿಲ್ಲ. ಮನೆಯಲ್ಲಿ ನಾವು ಮಾತಾಡುವುದು ತುಳು. ಬರೆಯಲು ಕೂತರೆ ನನಗೆ ಕಲಿತ ಕನ್ನಡವೇ ಬರುತ್ತದೆ, ಹಾಗಾಗಿ ಅವರ ಮಾತೂ ಇಲ್ಲಿ ಕನ್ನಡವಾಗಿದೆ.

ಕಾರು ತಂದು ಸ್ವಲ್ಪ ಕಾಲಕ್ಕೆ ಅಣ್ಣನಿಗೆ ಬೆನ್ನುನೋವು ಸುರುವಾಯಿತು. ಎಷ್ಟೋ ವರ್ಷ ಸ್ಟಿಯರಿಂಗ್ ಹಿಡಿದು ಕೂತದ್ದಕ್ಕೆ ಎಂದುಕೊಂಡೆವು. ಎಣ್ಣೆ ತಿಕ್ಕಿಸಿದೆವು, ಕಷಾಯ ಕುಡಿಸಿದೆವು. ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಕ್ಯಾನ್ಸರ್ ಎಂದು ಗೊತ್ತಾಯಿತು. ಬೇರೆಲ್ಲೋ ಹುಟ್ಟಿ ಬೆನ್ನೆಲುಬಿಗೆ ಇಳಿದಿತ್ತು. ಡ್ರೈವ್ ಮಾಡಬಾರದು, ಭಾರ ಎತ್ತಬಾರದು, ಬೆನ್ನು ಕುಲುಕಬಾರದು ಎಂದರು ಡಾಕ್ಟರು. ಚಿಕಿತ್ಸೆಗೆ ಮಾತ್ರ ಮತ್ತೆ ಮತ್ತೆ ಬರಬೇಕೆಂದರು.

ಸ್ಕೂಟರ್ ಮಾತ್ರ ಗೊತ್ತಿದ್ದ ನನಗೆ ಕಾರು ಬಿಡಲು ಕಲಿಸಿದವನು ಅಣ್ಣನೇ. ಲೈಸೆನ್ಸ್ ಆದದ್ದು ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ಧೈರ್ಯ ಬಂದದ್ದು ಈ ಕಾರಿನಲ್ಲಿ. ಅಣ್ಣ ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿ ಕೂತು, ಸ್ವರ ಏರಿಸದೆ ಹೇಳುತ್ತಿದ್ದ. “ದಾರಿ ಬಿಡು. ಲಾರಿ ಹೋಗಲಿ. ನಿನಗೆಂತ ಅವಸರ?” ಆಗ ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಕುಂಬಳೆಯಿಂದ ಕರ್ನಾಟಕದ ಗಡಿ ತಲಪಾಡಿಯವರೆಗೆ ಒಮ್ಮೆ ಈ ಬದಿ, ಒಮ್ಮೆ ಆ ಬದಿ, ಹೊಂಡ ಬಿದ್ದ ಸರ್ವಿಸ್ ರೋಡು. ಬಸ್ಸಿನಲ್ಲಿ ಹೋಗುವಾಗ ನನ್ನ ಗಟ್ಟಿ ಬೆನ್ನೇ ನೋಯುತ್ತಿತ್ತು. ಈ ಕಾರಿನಲ್ಲಿ ಅಣ್ಣ ಕಣ್ಣು ಮುಚ್ಚಿ ಕೂತು ಹೋಗಿ ಬರುತ್ತಿದ್ದ. ಶೋಕಿಗೆಂದು ತಂದ ಕಾರು ಮದ್ದಿನ ಹಾಗೆ ಉಪಯೋಗಕ್ಕೆ ಬಂತು.

ಕಾರು ವಾಲಿ ಕೂತ ಆ ದಿನವೇ ಅದನ್ನು ಹೊಸಂಗಡಿಯ ಗ್ಯಾರೇಜಿಗೆ ಬಿಟ್ಟೆ. ಮೆಕ್ಯಾನಿಕ್ ನನಗಿಂತ ಸ್ವಲ್ಪ ಸಣ್ಣವನು, ಮಾತು ಜಾಸ್ತಿ. ಇಂಥ ಕಾರು ಅವನ ಕೈಗೆ ಬರುವುದೇ ಅಪರೂಪ. ಅಡಿಗೆ ತೂರಿ ನೋಡಿ, ಸೋಪಿನ ನೀರು ಹಾಕಿ, ರಬ್ಬರಿನ ಮಡಿಕೆಯಲ್ಲಿ ಗುಳ್ಳೆ ಬರುವುದನ್ನು ತೋರಿಸಿದ.

“ಹೊಸತು ಹಾಕಿದರೆ ತುಂಬ ಆಗ್ತದೆ ಅಕ್ಕ. ಹಳೆ ಕಾರಿನಿಂದ ತೆಗೆದದ್ದು ಬೆಂಗಳೂರಿನಲ್ಲಿ ಸಿಗ್ತದೆ. ಅದು ಸಾಕು.”

ಅದನ್ನೇ ಹಾಕಿಸಿದೆವು. ಮಳೆಗಾಲ ಮುಗಿಯುವುದರೊಳಗೆ ಅದೂ ಬಿರುಕು ಬಿಟ್ಟಿತು. ಸೋರುವ ಚೀಲವನ್ನು ತುಂಬಿಸಿ ತುಂಬಿಸಿ ಕಂಪ್ರೆಸರ್ ಸುಟ್ಟು ಹೋಯಿತು. ಈ ಸಲ ಸ್ಟಾರ್ಟ್ ಮಾಡಿದರೂ ಕಾರು ಏಳಲಿಲ್ಲ. ಮೆಕ್ಯಾನಿಕ್ ತಲೆ ಕೆರೆದುಕೊಂಡ. “ನನ್ನದೂ ತಪ್ಪು ಉಂಟು, ಆಗಲೇ ಹೊಸತು ಹಾಕಬೇಕಿತ್ತು” ಎಂದ. ಕಂಪ್ರೆಸರಿಗೂ ಚೀಲಗಳಿಗೂ ಅವನು ಹೇಳಿದ ಮೊತ್ತ ನನ್ನ ಕೈಗೆ ಎಟುಕುವಂಥದ್ದಲ್ಲ.

“ಇನ್ನೊಂದು ದಾರಿ ಉಂಟು” ಎಂದ ಅವನು. “ಗಾಳಿಯದ್ದು ಎಲ್ಲ ಕಿತ್ತು ಬಿಸಾಡಿ ನಾಲ್ಕಕ್ಕೂ ಕಬ್ಬಿಣದ ಸ್ಪ್ರಿಂಗ್ ಹಾಕುವ. ಖರ್ಚು ಕಡಿಮೆ. ಮತ್ತೆ ತಲೆಬಿಸಿಯೇ ಇಲ್ಲ. ಸ್ವಲ್ಪ ಕುಲುಕ್ತದೆ, ಅಷ್ಟೇ.”

ಮನೆಗೆ ಬಂದು ಅಣ್ಣನಿಗೆ ಹೇಳಿದೆ. ಅವನು ಸಿಟ್ಟು ಮಾಡುವವನಲ್ಲ. ಅವತ್ತು ಮಾಡಿದ. “ಸ್ಪ್ರಿಂಗ್ ಹಾಕಿದರೆ ಅದು ಆ ಕಾರೇ ಅಲ್ಲ. ಹಾಗೆ ಮಾಡುವುದಾದರೆ ಗುಜರಿಗೆ ಕೊಟ್ಟುಬಿಡು” ಎಂದು ಗೋಡೆಯ ಕಡೆ ತಿರುಗಿದ. ಅಡುಗೆಮನೆಯಲ್ಲಿ ಅತ್ತಿಗೆ ನನ್ನ ಹತ್ತಿರ ಮೆಲ್ಲಗೆ ಹೇಳಿದರು. “ಮಾರಿ ಬಿಡುವ. ಟ್ಯಾಕ್ಸಿಯಲ್ಲಿ ಹೋದರಾಯ್ತು. ಎಲ್ಲರೂ ಹಾಗೆ ಹೋಗುವುದಿಲ್ವಾ?”

ಮುಂದಿನ ಸಲ ಟ್ಯಾಕ್ಸಿಯಲ್ಲೇ ಹೋದೆವು. ಒಳ್ಳೆಯ ಕಾರು, ಪಾಪದ ಡ್ರೈವರ್. ಅಣ್ಣನ ಒಂದು ಬದಿಗೆ ಅತ್ತಿಗೆ, ಇನ್ನೊಂದು ಬದಿಗೆ ನಾನು. ಬಂದ್ಯೋಡು ದಾಟುವುದರೊಳಗೆ ಅಣ್ಣನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವನು ಕೂಗಲಿಲ್ಲ. ಪ್ರತಿ ಹೊಂಡಕ್ಕೂ ಹಲ್ಲು ಕಚ್ಚಿ ಮೂಗಿನಿಂದ ಉಸಿರು ಬಿಡುತ್ತಿದ್ದ. ಡ್ರೈವರ್ ಎಷ್ಟು ನಿಧಾನ ಮಾಡಿದರೂ ಹೊಂಡ ಹೊಂಡವೇ. ಉಪ್ಪಳದ ಹತ್ತಿರ ಒಂದು ಹಂಪ್ ಹತ್ತಿ ಇಳಿಯುವಾಗ ಅಣ್ಣ ಅತ್ತಿಗೆಯ ಕೈಯನ್ನು ಹಿಡಿದ ರಭಸಕ್ಕೆ ಅವರ ಎರಡು ಬಳೆ ಒಡೆದು, ಮಣಿಕಟ್ಟಿನಲ್ಲಿ ರಕ್ತ ಬಂತು. ಅಣ್ಣನಿಗೆ ಅದು ಗೊತ್ತೂ ಆಗಲಿಲ್ಲ. ಅತ್ತಿಗೆ ಸೆರಗಿನಲ್ಲಿ ಕೈ ಮುಚ್ಚಿಕೊಂಡರು. ನಾನು ನೋಡಿದೆನೆಂದು ತಿಳಿದು, ಹೇಳಬೇಡ ಎಂಬಂತೆ ತಲೆಯಾಡಿಸಿದರು.

ಮಾರನೆಯ ದಿನ ನಾನು ಕಚೇರಿಯಲ್ಲಿರುವಾಗ ಮೆಕ್ಯಾನಿಕ್ ಫೋನ್ ಮಾಡಿದ. “ಅಕ್ಕ, ನಿಮ್ಮ ಅತ್ತಿಗೆ ಫೋನ್ ಮಾಡಿದ್ರು. ಕಂಪ್ರೆಸರ್, ಹಿಂದಿನ ಎರಡು ಚೀಲ, ಎಲ್ಲ ಹೊಸತೇ ತರಿಸಲಿಕ್ಕೆ ಹೇಳಿದ್ದಾರೆ. ನಿಮಗೆ ಗೊತ್ತುಂಟಲ್ಲ?”

ಗೊತ್ತಿರಲಿಲ್ಲ. ಸಂಜೆ ಕೇಳಿದೆ. ನಮ್ಮ ತಾರಸಿಯ ಮೇಲೆ ಇನ್ನೊಂದು ಕೋಣೆ ಕಟ್ಟಲೆಂದು ಕಂಬದ ಕಬ್ಬಿಣದ ಸರಳುಗಳನ್ನು ಹಾಗೆಯೇ ಬಿಟ್ಟಿದ್ದರು. ಅದಕ್ಕೆಂದು ಇಬ್ಬರೂ ಕೂಡಿಟ್ಟ ಹಣವಿತ್ತು. “ಮೇಲೆ ಕೋಣೆ ಕಟ್ಟಿ ಯಾರು ಮಲಗಲಿಕ್ಕೆ?” ಎಂದರು ಅತ್ತಿಗೆ. ತೆಂಗಿನಕಾಯಿ ತುರಿಯುತ್ತಿದ್ದ ಕೈ ನಿಲ್ಲಲಿಲ್ಲ. “ಇವರ ಹತ್ತಿರ ನಾನು ಎಂದು ಹೇಳಬೇಡ. ಆಫೀಸಿನಿಂದ ಸಾಲ ತೆಗೆದೆ ಎಂದು ಹೇಳು.”

ನಾನು ಹಾಗೆಯೇ ಹೇಳಿದೆ. ಅಣ್ಣ ನಂಬಿದನೋ ಇಲ್ಲವೋ. “ಹೌದಾ” ಎಂದಷ್ಟೇ ಹೇಳಿ ತುಂಬ ಹೊತ್ತು ನನ್ನ ಮುಖ ನೋಡಿದ.

ಅದರ ಮೇಲೆ ಕೆಲವು ತಿಂಗಳು ಕಾರು ಚೆನ್ನಾಗಿ ಓಡಿತು. ಆ ಪ್ರಯಾಣಗಳ ನೆನಪು ನನಗೆ ದುಃಖದ್ದಲ್ಲ. ಅತ್ತಿಗೆ ಫ್ಲಾಸ್ಕಿನಲ್ಲಿ ಗಂಜಿತಿಳಿ ತರುತ್ತಿದ್ದರು. ಅಣ್ಣ ಕೆಲವೊಮ್ಮೆ ಕುಂಬಳೆ ಬಿಟ್ಟವನು ಗಡಿ ದಾಟುವವರೆಗೂ ನಿದ್ದೆ ಮಾಡುತ್ತಿದ್ದ. ಎಚ್ಚರ ಇದ್ದರೆ ನನ್ನ ಬ್ರೇಕಿಗೆ, ಹಾರ್ನಿಗೆ ಏನಾದರೊಂದು ಹೇಳುತ್ತಿದ್ದ. ಒಂದು ದಿನ, “ಇಷ್ಟು ವರ್ಷ ಬಿಟ್ಟೆ. ಹಿಂದೆ ಕೂತರೆ ಹೀಗಿರ್ತದೆಂದು ಗೊತ್ತಿರಲಿಲ್ಲ” ಎಂದ. ಗಲ್ಫಿನ ಆ ಮನೆಯ ಅಮ್ಮ ಅಷ್ಟು ಬೇಗ ನಿದ್ದೆ ಹೋಗುತ್ತಿದ್ದದ್ದು ಯಾಕೆಂದು ಈಗ ತಿಳಿಯಿತಂತೆ.

ಮೇ ತಿಂಗಳ ಒಂದು ದಿನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನೂ ಅತ್ತಿಗೆಯನ್ನೂ ಒಳಗೆ ಕರೆದರು. ಇನ್ನು ಚಿಕಿತ್ಸೆಯಿಂದ ಪ್ರಯೋಜನವಿಲ್ಲ, ಇಷ್ಟು ದೂರ ಕರೆದುಕೊಂಡು ಬಂದು ಆಯಾಸ ಮಾಡಿಸಬೇಡಿ, ನಿಮ್ಮ ಕೇರಳದಲ್ಲಿ ಪಾಲಿಯೇಟಿವ್‌ನವರು ಮನೆಗೇ ಬಂದು ನೋವಿಗೆ ಮದ್ದು ಕೊಡುತ್ತಾರಲ್ಲ, ಅದು ಒಳ್ಳೆಯದು ಎಂದರು. ಹೊರಗೆ ಗಾಲಿಕುರ್ಚಿಯಲ್ಲಿದ್ದ ಅಣ್ಣ ನಮ್ಮಿಬ್ಬರ ಮುಖ ನೋಡಿದ. “ಹೋಗುವ” ಎಂದ.

ತಲಪಾಡಿ ದಾಟಿ ಸ್ವಲ್ಪ ದೂರ ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿತು. ಈ ಸಲ ಮುಂದಿನ ಚೀಲ, ಬಲಬದಿಯದ್ದು. ಕಾರು ಮೂಗು ತಗ್ಗಿಸಿತು. ಎಲ್ಲ ಒಂದೇ ದಿನ ಬರಬೇಕಾ ಎಂದು ನನಗೆ ಅಳು ಬಂತು. ಸ್ಟಿಯರಿಂಗ್ ಗಟ್ಟಿ ಹಿಡಿದೆ. “ಹೆದರಬೇಡ. ನಿಧಾನ ಹೋಗು. ತಿರುಗಿಸುವಾಗ ಜಾಗ್ರತೆ” ಎಂದು ಹಿಂದಿನಿಂದ ಅಣ್ಣನ ಸ್ವರ ಬಂತು. ಹಾಗೆಯೇ ತೆವಳುತ್ತಾ ಹೊಸಂಗಡಿ ತಲುಪಿ, ಗ್ಯಾರೇಜಿನ ಎದುರಿನ ನೆರಳಿನಲ್ಲಿ ನಿಲ್ಲಿಸಿದೆ.

ಮೆಕ್ಯಾನಿಕ್ ನೋಡಿ ಬಂದು ಹಿಂದಿನ ಕಿಟಕಿಯ ಹತ್ತಿರ ಬಗ್ಗಿದ. “ಮುಂದಿನದ್ದು ಹೋಗಿದೆ ಅಣ್ಣ. ಎರಡೂ ಹೊಸತು ಹಾಕುವುದು ಒಳ್ಳೆಯದು. ಆರ್ಡರ್ ಮಾಡ್ಲಾ?”

ಅತ್ತಿಗೆ “ಮಾಡಿ” ಎಂದರು.

“ಬೇಡ” ಎಂದ ಅಣ್ಣ. “ನಾಲ್ಕಕ್ಕೂ ಸ್ಪ್ರಿಂಗ್ ಹಾಕು.”

ಮೆಕ್ಯಾನಿಕ್ ನನ್ನ ಮುಖ ನೋಡಿದ. ಅಣ್ಣ ಲೆಕ್ಕಾಚಾರದ ಮಾತು ಆಡುವವನ ಹಾಗೆ ಮುಂದುವರಿಸಿದ. “ಇವಳು ಕಾಸರಗೋಡಿಗೆ ಆಫೀಸಿಗೆ ಹೋಗಿ ಬರ್ಲಿಕ್ಕೆ ಉಂಟು. ಇವರಿಬ್ಬರಿಗೆ ಗಾಳಿಯ ಉಪದ್ರ ಬೇಡ. ಮಳೆಗಾಲದ ಮುಂಚೆ ಮಾಡಿಕೊಡು.”

ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು. ಡಾಕ್ಟರು ಒಳಗೆ ಹೇಳಿದ್ದನ್ನು ಅವನಿಗೆ ಹೇಗೆ ತಿಳಿಸುವುದೆಂದು ನಾನು ದಾರಿಯುದ್ದಕ್ಕೂ ಮಾತು ಹುಡುಕುತ್ತಿದ್ದೆ. ಅದರ ಅಗತ್ಯ ಇಲ್ಲವೆಂದು ಆಗ ಗೊತ್ತಾಯಿತು. ಅತ್ತಿಗೆ ಬಾಗಿಲು ತೆಗೆದು ಇಳಿದು, ಪಕ್ಕದ ಅಂಗಡಿಯ ಗೋಡೆಯ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತರು. ಮೆಕ್ಯಾನಿಕ್ ಹೇಗೋ ಆ ಚೀಲಕ್ಕೆ ಹೊರಗಿನಿಂದ ಗಾಳಿ ತುಂಬಿಸಿ, ಮನೆಯವರೆಗೆ ಸಾಕು, ನಿಲ್ಲಿಸಬೇಡಿ ಎಂದು ಕಳುಹಿಸಿದ.

ಸ್ಪ್ರಿಂಗ್ ಹಾಕಿದ ಕಾರು ಮನೆಗೆ ಬಂದಾಗ ಪಾಲಿಯೇಟಿವ್ ನರ್ಸು ಬಂದು ಹೋಗಲು ಸುರುಮಾಡಿ ಆಗಿತ್ತು. ನೋವು ಸ್ವಲ್ಪ ಹಿಡಿತಕ್ಕೆ ಬಂದಿತ್ತು. ಅಣ್ಣ ತಾನೂ ಒಮ್ಮೆ ಕೂತು ನೋಡಬೇಕೆಂದ. ಅತ್ತಿಗೆ ಖಂಡಿತ ಬೇಡವೆಂದರು. “ಗೇಟಿನ ಹೊರಗೆ ಸ್ವಲ್ಪ, ಅಷ್ಟೇ” ಎಂದು ಮಕ್ಕಳ ಹಾಗೆ ಹಟ ಮಾಡಿದ. ಕೊನೆಗೆ ಇಬ್ಬರೂ ಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿದೆವು. ಡಾಮರು ರಸ್ತೆಗೆ ಹೋಗಿ, ಶಾಲೆಯ ತಿರುವಿನಲ್ಲಿ ತಿರುಗಿಸಿಕೊಂಡು ಬಂದೆ. ಕಾರು ಪ್ರತಿ ಕಲ್ಲಿಗೂ ಕುಲುಕಿತು. ಅಣ್ಣ ಬಾಗಿಲಿನ ಹಿಡಿಯನ್ನು ಬಿಡದೆ ಕೂತಿದ್ದ. ನನಗೆ ಅವನ ಕಡೆ ನೋಡುವ ಧೈರ್ಯ ಇರಲಿಲ್ಲ.

ಅಂಗಳದಲ್ಲಿ ನಿಲ್ಲಿಸಿದಾಗ, “ಬಲಬದಿ ಒಂದು ಚೂರು ಎತ್ತರ ಉಂಟು. ಅವನ ಹತ್ತಿರ ಹೇಳು, ಸರಿಮಾಡಿ ಕೊಡ್ತಾನೆ” ಎಂದ.

ಮತ್ತೆ ಅವನು ಕಾರಿನಲ್ಲಿ ಕೂರಲಿಲ್ಲ. ಮಳೆ ಸುರುವಾಗಿ ಕೆಲವು ವಾರಕ್ಕೆ, ಒಂದು ಮಧ್ಯಾಹ್ನ, ಅತ್ತಿಗೆ ತುಟಿಗೆ ನೀರು ಹಚ್ಚುತ್ತಿರುವಾಗಲೇ ಹೋದ.

ಕಾರ್ಯಗಳೆಲ್ಲ ಮುಗಿದ ಮೇಲೆ ನಾನು ಅತ್ತಿಗೆಯನ್ನು ಹೊರಗೆ ಕರೆದುಕೊಂಡು ಹೋದದ್ದು ಒಂದು ಭಾನುವಾರ, ಮಂಜೇಶ್ವರದಲ್ಲಿರುವ ಅವರ ತಂಗಿಯ ಮನೆಗೆ. ಬರುವಾಗ ಉಪ್ಪಳ ದಾಟಿದ ಮೇಲೆ ಅತ್ತಿಗೆ ಇದ್ದಕ್ಕಿದ್ದಂತೆ ಹೇಳಿದರು.

“ನನ್ನ ಹತ್ತಿರ ಒಂದು ಮಾತು ಕೇಳಬಹುದಿತ್ತು.”

“ಎಂತದು ಅತ್ತಿಗೆ?”

“ಸ್ಪ್ರಿಂಗ್ ಹಾಕು ಎಂದು ಗ್ಯಾರೇಜಿನವನ ಹತ್ತಿರ ಹೇಳುವ ಮುಂಚೆ. ನಾನು ಪಕ್ಕದಲ್ಲೇ ಕೂತಿದ್ದೆ. ಇವರು ನನ್ನನ್ನು ಕೇಳದೆ ಎಲ್ಲ ತೀರ್ಮಾನ ಮಾಡಿಬಿಟ್ರು.”

“ನಮಗೆ ಕಷ್ಟ ಆಗಬಾರದೆಂದು ಹೇಳಿದ್ದು ಅತ್ತಿಗೆ.”

“ಅದು ನನಗೆ ಗೊತ್ತಿಲ್ವಾ?” ಅವರ ಸ್ವರ ಒಡೆಯಿತು. “ಇನ್ನು ಎರಡು ಸಲ ಮಂಗಳೂರಿಗೆ ಹೋಗಿ ಬರುವ ಎಂದರೆ ನಾನು ಬೇಡ ಹೇಳ್ತಿದ್ನಾ? ಸುಮ್ಮನೆಯಾದರೂ ಹೋಗಬಹುದಿತ್ತು.”

ಅಣ್ಣನ ಮೇಲೆ ನನಗೂ ಅಂಥ ಒಂದು ಸಿಟ್ಟು ಇದೆಯೆಂದು ಆಗಲೇ ತಿಳಿದದ್ದು. ಗಾಡಿ ಬದಿಗೆ ಹಾಕಿ ನಿಲ್ಲಿಸಿದೆ. ಅತ್ತಿಗೆ ಅಷ್ಟು ದಿನ ಜನರ ಎದುರು ಅಳದೆ ಇಟ್ಟುಕೊಂಡದ್ದನ್ನೆಲ್ಲ ಅಲ್ಲಿ ಅತ್ತರು. ನಾನು ಅವರ ಕೈ ಹಿಡಿದು ಕೂತೆ.

ಸ್ವಲ್ಪ ಹೊತ್ತಿನ ಮೇಲೆ ಮುಖ ಒರೆಸಿಕೊಂಡು, “ಹೋಗುವ. ಕುಂಬಳೆಯಲ್ಲಿ ಮೀನು ಸಿಕ್ಕಿದರೆ ತೆಗೆದುಕೊಳ್ಳುವ. ನೀನು ಎಷ್ಟು ದಿನದಿಂದ ಬರೀ ಸಾರು ಉಣ್ತಿದ್ದೀ” ಎಂದರು.

ಪೇಟೆಯಲ್ಲಿ ಬಂಗುಡೆ ಇತ್ತು. ಅತ್ತಿಗೆಯೇ ಇಳಿದು, ಕಿವಿರು ಎತ್ತಿ ನೋಡಿ, ಬೆಲೆಗೆ ಚರ್ಚೆ ಮಾಡಿ ತಂದರು.