ಕಪ್ಪಾಗದ ಹೂಜಿಗಳು

ತೊಂಬತ್ತರ ದಶಕದ ಆರಂಭದಲ್ಲಿ ನಾವು ಸಿಡ್ನಿಯ ಲಿವರ್‌ಪೂಲ್‌ನಲ್ಲಿದ್ದೆವು. ಗಂಡ ಆಸ್ಪತ್ರೆಗೆ, ಮಗಳು ಸ್ಕೂಲಿಗೆ ಹೋದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಹೊತ್ತು ಕಳೆಯಲೆಂದು ಹತ್ತಿರದ ಹಾಲ್‌ನಲ್ಲಿ ನಡೆಯುತ್ತಿದ್ದ ಕುಂಬಾರಿಕೆ ಕ್ಲಾಸಿಗೆ ಸೇರಿದೆ.

ಕಲಿಸುತ್ತಿದ್ದವಳು ಮೆಕ್ಸಿಕೋದವಳು. ಪುಟ್ಟ ಮಗುವಾಗಿದ್ದಾಗಲೇ ತಾಯಿಯೊಂದಿಗೆ ಮೆಲ್ಬರ್ನಿಗೆ ಬಂದಿದ್ದಳಂತೆ. ತಾಯಿಯ ಊರಿನ ಹೆಂಗಸರು ಹೂಜಿಯನ್ನು ನುಣುಪು ಕಲ್ಲಿನಿಂದ ಉಜ್ಜಿ, ಹೊಗೆಯಲ್ಲಿ ಸುಟ್ಟು, ಮಿರಮಿರ ಮಿಂಚುವ ಕಪ್ಪು ಬರಿಸುತ್ತಿದ್ದರು. ತಾಯಿ ಮಾತ್ರ ಮೆಲ್ಬರ್ನಿನಲ್ಲಿ ಫ್ಯಾಕ್ಟರಿ ಸೇರಿದ ಮೇಲೆ ಮಣ್ಣು ಮುಟ್ಟಲೇ ಇಲ್ಲ. ಏನನ್ನೂ ಹೇಳಿಕೊಡದೆ ತೀರಿಹೋದಳು. ಮಗಳು ಲೈಬ್ರರಿ ಪುಸ್ತಕಗಳ ಚಿತ್ರ ನೋಡಿ ಕಲಿತಿದ್ದಳು.

ಇಂಡಿಯಾದವಳಾದ್ದರಿಂದ ನನಗೆ ಮಣ್ಣಿನ ಕೆಲಸ ಗೊತ್ತಿರಬೇಕು ಎಂದುಕೊಂಡಿದ್ದಳು. ಮೈಸೂರಿನ ನಮ್ಮ ಮನೆಯಲ್ಲಿ ಎಲ್ಲಾ ಸ್ಟೀಲ್ ಪಾತ್ರೆಯೇ ಅಂದೆ. ಜೋರಾಗಿ ನಕ್ಕಳು. ಅಲ್ಲಿಂದ ಹತ್ತಿರವಾದೆವು.

ಆಕಾರ ಅವಳ ಕೈಗೆ ಒಲಿದಿತ್ತು, ಬಣ್ಣ ಒಲಿಯಲಿಲ್ಲ. ಹಾಲ್‌ನ ಎಲೆಕ್ಟ್ರಿಕ್ ಗೂಡಿನಲ್ಲಿ ಸುಟ್ಟರೆ ಬೂದಿ ಬಣ್ಣ. ಕೊನೆಗೆ ನಮ್ಮ ಹಿತ್ತಲಲ್ಲೇ ಗುಂಡಿ ತೋಡಿ ಸುಟ್ಟೆವು. ಹೊಗೆ ಕಂಡು ಪಕ್ಕದ ಮನೆಯವನು ಬೇಲಿಯಾಚೆಯಿಂದ ಕೂಗಾಡಿದ. ಹೂಜಿಗಳು ಪೂರ್ತಿ ಕಪ್ಪಲ್ಲದಿದ್ದರೂ, ಕಾಡಿಗೆ ಒರೆಸಿದ ಹಾಗೆ ಮಬ್ಬಾಗಿ ಹೊರಬಂದವು. ಅವಳು ಮಸಿ ಕೈಯಲ್ಲೇ ನನ್ನನ್ನು ತಬ್ಬಿಕೊಂಡಳು.

ಮೆಲ್ಬರ್ನಿನ ಸಣ್ಣ ಗ್ಯಾಲರಿಯೊಂದು ಅವನ್ನು ಪ್ರದರ್ಶನಕ್ಕಿಡಲು ಒಪ್ಪಿತು. ನನ್ನ ಹಳೇ ಸೀರೆಗಳಲ್ಲಿ ಸುತ್ತಿ ಅವಳ ಕಾರಿನಲ್ಲಿ ತೆಗೆದುಕೊಂಡು ಹೋದೆವು. ಅದನ್ನು ನೋಡಲೆಂದೇ ತನ್ನ ಚಿಕ್ಕಮ್ಮನನ್ನು ಮೆಕ್ಸಿಕೋದಿಂದ ಕರೆಸಿಕೊಂಡಿದ್ದಳು. ಆಕೆ ಊರಿನಲ್ಲಿ ಇನ್ನೂ ಹೂಜಿ ಮಾಡುತ್ತಿದ್ದವರು. ಒಂದನ್ನು ಎತ್ತಿಕೊಂಡು, ಬೆರಳಿನಿಂದ ತಟ್ಟಿ, ಅಕ್ಕನ ಮಗಳ ಕೆನ್ನೆ ಸವರುವಂತೆ ಅದನ್ನು ಸವರಿ, ಸ್ಪ್ಯಾನಿಷ್‌ನಲ್ಲಿ ಏನೋ ಅಂದರು. ಇವಳು ತಡವರಿಸುತ್ತಾ ಉತ್ತರ ಕೊಟ್ಟಳು. ಇಬ್ಬರೂ ನಗುತ್ತಿದ್ದರಿಂದ ಎಲ್ಲ ಚೆನ್ನಾಗಿ ನಡೆಯಿತು ಅಂದುಕೊಂಡೆ.

ವಾಪಸ್ ಬರುವಾಗ ಪೆಟ್ರೋಲಿಗೆ ನಿಲ್ಲಿಸಿದ ಕಡೆ ಅವಳೇ ಅದನ್ನು ಹೇಳಿದಳು. ಚಿಕ್ಕಮ್ಮ ಕೇಳಿದ್ದು ಇಷ್ಟೇ: "ತುಂಬಾ ಚೆನ್ನಾಗಿದೆ ಮಗಳೇ. ನಿಮ್ಮ ದೇಶದಲ್ಲಿ ಹೀಗೆ ಮಾಡ್ತಾರಾ?"

ಅವರು ಬೇಕೆಂದು ಅಂದಿರಲಾರರು ಎಂದೆ.

"ಬೇಕೂಂತ ಅಂದಿದ್ರೆ ಜಗಳ ಆಡಬಹುದಿತ್ತು," ಅಂದಳು. "ಅವರು ಹೊಗಳಿದ್ರು."

ಆ ಚಳಿಗಾಲದಲ್ಲೇ ಕ್ಲಾಸ್ ನಿಲ್ಲಿಸಿದಳು. ಉಳಿದ ಮಣ್ಣು ಹಾಲ್‌ನ ಬಕೆಟ್‌ಗಳಲ್ಲಿ ಒಣಗಿ ಕಲ್ಲಾಯಿತು. ನಾನೂ ಬೇರೆ ಕಡೆ ಸೇರಲಿಲ್ಲ.

ಕೆಲವು ವರ್ಷಗಳ ಮೇಲೆ ಚಾಟ್ಸ್‌ವುಡ್ ಸ್ಟೇಷನ್ನಿನಲ್ಲಿ ಸಿಕ್ಕಳು. ಆಫೀಸ್ ಕೆಲಸ, ಉದ್ದ ಉಗುರು, ಅಚ್ಚುಕಟ್ಟಾದ ಬಣ್ಣ. ಮಕ್ಕಳ ಬಗ್ಗೆ, ಮಾರ್ಟ್‌ಗೇಜ್ ಬಗ್ಗೆ ಮಾತಾಡಿದೆವು. ತಡೆಯಲಾರದೆ, ಒಮ್ಮೆ ಚಿಕ್ಕಮ್ಮನ ಹತ್ತಿರ ಹೋಗಿ ಕಲಿಯಬಾರದೇ ಎಂದು ಕೇಳಿದೆ.

"ಅಲ್ಲಿ ನಾನು ಟೂರಿಸ್ಟ್," ಅಂದಳು.

ಹಿಂದಿನ ವರ್ಷ ಮೈಸೂರಿಗೆ ಹೋಗಿದ್ದಾಗ ಅಂಗಡಿಯವನೊಬ್ಬ ನನ್ನನ್ನೂ, ಯಾವ ದೇಶದಿಂದ ಬಂದ್ರಿ ಮೇಡಂ ಎಂದು ಕೇಳಿದ್ದ. ಅದನ್ನು ಅವಳಿಗೆ ಹೇಳಲಿಲ್ಲ. ಹೇಳಿದ್ದರೂ ಯಾರಿಗೂ ಸಮಾಧಾನವಾಗುತ್ತಿರಲಿಲ್ಲ. ಅಷ್ಟರಲ್ಲಿ ಅವಳ ಟ್ರೇನ್ ಬಂತು.